ಹೊಲವೇ ಮನೆ, ದುಡಿಮೆಯೇ ಆರೈಕೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಬರ್ಕ್‌ಷೈರ್ ಗುಡ್ಡಗಳ ನಡುವಿನ ಮಾಂಟೆರೆಯಲ್ಲಿ ವಿಲಿಯಂ ಮತ್ತು ಆಗ್ನೆಸ್ ಗೂಲ್ಡ್ ದಂಪತಿ 1913ರಲ್ಲಿ ಸ್ಥಾಪಿಸಿದ ಗೂಲ್ಡ್ ಫಾರ್ಮ್, ಸ್ಕಿಜೋಫ್ರೇನಿಯಾ, ತೀವ್ರ ಖಿನ್ನತೆ ಹಾಗೂ ಬೈಪೋಲಾರ್ ಕಾಯಿಲೆ, ಅಂದರೆ ಉನ್ಮಾದ ಮತ್ತು ಖಿನ್ನತೆ ಸರದಿಯಂತೆ ಕಾಡುವ ಸ್ಥಿತಿ, ಇವುಗಳಿಂದ ನೊಂದವರು ಕೆಲಕಾಲ ನೆಲೆಸಿ ದುಡಿಯುತ್ತ ಚೇತರಿಸಿಕೊಳ್ಳುವ ಚಿಕಿತ್ಸಾ ಸಮುದಾಯವಾಗಿದೆ; ಒಡನಾಟ ಮತ್ತು ದಿನಚರಿಯನ್ನೇ ಆರೈಕೆಯ ಭಾಗವಾಗಿಸಿಕೊಂಡ ನೆಲೆಗೆ ‘ಚಿಕಿತ್ಸಾ ಸಮುದಾಯ’ ಎಂಬ ಹೆಸರು ಸಲ್ಲುತ್ತದೆ.

ಇಲ್ಲಿನ ಸಿಬ್ಬಂದಿಯಲ್ಲಿ ಅನೇಕರು ಸಂಸಾರ ಸಮೇತ ಫಾರ್ಮಿನಲ್ಲೇ ವಾಸಿಸುತ್ತ, ‘ಅತಿಥಿ’ಗಳೆಂದು ಕರೆಯಲಾಗುವ ನಿವಾಸಿಗಳೊಂದಿಗೆ ಒಂದೇ ಪಂಕ್ತಿಯಲ್ಲಿ ಉಣ್ಣುತ್ತಾರೆ. ಔಷಧಿ ಮತ್ತು ಆಪ್ತಸಲಹೆಯನ್ನು ತಜ್ಞರು ನೋಡಿಕೊಂಡರೆ, ತೋಟ, ಕೊಟ್ಟಿಗೆ, ಅಡುಗೆಮನೆ ಮತ್ತು ಕಾಡಿನ ಕೆಲಸಕ್ಕೆ ಅವುಗಳ ಮೇಲ್ವಿಚಾರಕರು ಜೊತೆಯಾಗುತ್ತಾರೆ. ಚಳಿಗಾಲ ಮುಗಿಯುವ ಹೊತ್ತಿಗೆ ಮೇಪಲ್ ಮರಗಳಿಂದ ಇಳಿಸಿದ ರಸವನ್ನು, ಸುಮಾರು 40 ಲೀಟರಿಗೆ ಒಂದು ಲೀಟರು ಪಾಕ ಉಳಿಯುವಂತೆ, ಗಂಟೆಗಟ್ಟಲೆ ಕುದಿಸುವಾಗ ಸೌದೆ ಒಟ್ಟುವುದಕ್ಕೂ ಪಾಕದ ಹದ ನೋಡುವುದಕ್ಕೂ ಆಳು ಬೇಕಾಗುವುದರಿಂದ, ತಾವು ಯಾರಿಗೂ ಬೇಡವೆಂದು ನಂಬಿದವರಿಗೂ ಅಲ್ಲಿ ನಿಜವಾದ ಕೆಲಸವೊಂದು ದೊರೆಯುತ್ತದೆ. ಮಾತ್ರೆಗಳ ಮಂಪರಿನಿಂದ ಕೈ ನಿಧಾನವಾದವರಿಗೆ ತಕ್ಕ ಕೆಲಸ ಹುಡುಕುವುದು, ನಿನ್ನೆ ಲವಲವಿಕೆಯಿಂದಿದ್ದವರು ಇಂದು ಗುದ್ದಲಿ ಕೆಳಗಿಟ್ಟು ಸುಮ್ಮನೆ ಕುಳಿತದ್ದನ್ನು ಗಮನಿಸಿ ಚಿಕಿತ್ಸಕರಿಗೆ ತಿಳಿಸುವುದು, ಇವೆಲ್ಲ ಯಾವ ಉದ್ಯೋಗಪಟ್ಟಿಯಲ್ಲೂ ಸಲೀಸಾಗಿ ಅಡಗದ ಕೌಶಲಗಳು.

1925ರಲ್ಲಿ ಬೆಂಕಿ ನಂದಿಸುವ ಯತ್ನದಲ್ಲಿ ವಿಲಿಯಂ ತೀರಿಕೊಂಡ ಬಳಿಕ ಆಗ್ನೆಸ್ ಈ ಕಾರ್ಯವನ್ನು ಮುಂದುವರಿಸಿದರು. ಆದರೆ ಮನೆ ಮತ್ತು ಕೆಲಸದ ನಡುವೆ ಗೆರೆಯೇ ಇಲ್ಲದ ಇಂಥ ಬದುಕು ದಣಿಸದೆ ಬಿಡುವುದಿಲ್ಲವಾದ್ದರಿಂದ, ಆರೈಕೆ ಮಾಡುವವರ ಬಿಡುವು ಮತ್ತು ಏಕಾಂತವನ್ನೂ ವ್ಯವಸ್ಥೆಯೇ ಕಾಯಬೇಕಾಗುತ್ತದೆ.