ಅಜ್ಜಿಯ ಹಾಡು ಕಂಪ್ಯೂಟರಿಗೆ ಕೇಳಿಸದಿದ್ದಾಗ

ಕಳೆದ ಬೇಸಿಗೆ ರಜೆಯ ಒಂದು ಸಂಜೆ. ನನ್ನ ತಾಯಿ ಬಾಯಲ್ಲಿದ್ದ ಎಲೆಯಡಿಕೆ ಉಗುಳಿ, ಬಾಯಿ ಮುಕ್ಕಳಿಸಿ, ಶೋಭಾನೆ ಹೇಳಲು ಮೈಕಿನ ಮುಂದೆ ಕುಳಿತಿದ್ದರು. ಏಳನೆಯ ತರಗತಿಯ ಮಗ ಕಂಪ್ಯೂಟರಿನ ಮುಂದೆ ಸಿದ್ಧನಾಗಿದ್ದ. ಹೊಸದಾಗಿ ತಂದ ಆಡಿಯೋ ಇಂಟರ್‌ಫೇಸಿನ ದೀಪವೂ ಉರಿಯುತ್ತಿತ್ತು. ಎರಡು ಹಾಡು ಮುಗಿದ ಮೇಲೆ ನೋಡಿದರೆ ಪರದೆಯಲ್ಲಿ ಒಂದು ನೇರ ಗೆರೆಯ ಹೊರತು ಏನೂ ಇರಲಿಲ್ಲ.

"ಎಂತ ಆಯ್ತು ಮಗಾ?"

"ಕಂಪ್ಯೂಟರಿಗೆ ಕೇಳ್ತಾ ಇಲ್ಲ ಅಜ್ಜಿ."

"ಕಿವಿ ಮಂದ ಆದದ್ದು ನನಗೆ ಮಾತ್ರ ಅಂತ ಎಣಿಸಿದ್ದೆ!"

ನಾವು ನಕ್ಕೆವು, ಆದರೆ ಒಳಗೊಳಗೆ ಕಸಿವಿಸಿಯಾಯಿತು. ಕಾಸರಗೋಡಿನ ನಮ್ಮ ಮಕ್ಕಳಿಗೆ ಕನ್ನಡದ ಅಕ್ಷರವನ್ನು ಶಾಲೆ ಕಲಿಸುತ್ತದೆ. ಮದುವೆಯ ಚಪ್ಪರದಲ್ಲಿ ಹೆಂಗಸರು ಹೇಳುತ್ತಿದ್ದ ಹಾಡಿನ ಧಾಟಿ ಯಾವ ಪಠ್ಯಪುಸ್ತಕದಲ್ಲಿಯೂ ಇಲ್ಲ. ಅದು ಇರುವುದು ಎಂಬತ್ತು ದಾಟಿದ ಕೆಲವರ ಕಂಠದಲ್ಲಿ ಮಾತ್ರ. ಯಂತ್ರ ಕೈಕೊಟ್ಟ ಸಂಜೆ ಮರಳಿ ಬರುತ್ತದೆಂಬ ಭರವಸೆ ಇಲ್ಲ.

ಆ ರಾತ್ರಿ ನಾನು ಮಾಡಿದ ತಪ್ಪನ್ನು ಮೊದಲು ಹೇಳಿಬಿಡುತ್ತೇನೆ. ಕೇಬಲ್ ಬದಲಿಸಿದೆ, ಡ್ರೈವರನ್ನು ಅಳಿಸಿ ಮತ್ತೆ ಹಾಕಿದೆ, ಕಂಪ್ಯೂಟರನ್ನು ಆರಿಸಿ ಹೊತ್ತಿಸಿದೆ, ಕಂಡ ಗುಂಡಿಗಳನ್ನೆಲ್ಲ ಒತ್ತಿದೆ. ಹೇಗೋ ಧ್ವನಿ ಬಂತು. ಮರುದಿನ ಸಂಜೆ ಮತ್ತೆ ಅದೇ ನೇರ ಗೆರೆ. ಹಿಂದಿನ ದಿನ ಯಾವ ಮದ್ದು ನಾಟಿತ್ತೆಂಬುದು ನನಗೆ ತಿಳಿದಿರಲಿಲ್ಲ. ಏಕೆಂದರೆ ಎಲ್ಲ ಮದ್ದುಗಳನ್ನೂ ಒಟ್ಟಿಗೆ ಕುಡಿಸಿದ್ದೆ. ಅಂದು ಕಲಿತ ಪಾಠ ಇದು: ಧ್ವನಿ ನಡೆಯುವ ದಾರಿಯಲ್ಲಿ ನಾವೂ ಹೆಜ್ಜೆ ಹೆಜ್ಜೆಯಾಗಿ ನಡೆಯಬೇಕು, ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಬದಲಿಸಿದ್ದನ್ನು ನೋಟ್ ಪುಸ್ತಕದಲ್ಲಿ ಬರೆದಿಡಬೇಕು.

ದಾರಿ ಬಹಳ ಉದ್ದವೇನಲ್ಲ. ಮೈಕು ಧ್ವನಿಯನ್ನು ಅತಿಸಣ್ಣ ವಿದ್ಯುತ್ ಸಂಕೇತವನ್ನಾಗಿ ಮಾಡುತ್ತದೆ. ಇಂಟರ್‌ಫೇಸು ಆ ಸಂಕೇತವನ್ನು ಬಲಪಡಿಸಿ, ಸೆಕೆಂಡಿಗೆ 44,100 ಅಥವಾ 48,000 ಸಲ ಅಳೆದು, ಅಂಕಿಗಳಾಗಿ ಪರಿವರ್ತಿಸುತ್ತದೆ. ಆ ಅಂಕಿಗಳು ಯುಎಸ್‌ಬಿ ಕೇಬಲಿನ ಮೂಲಕ ಕಂಪ್ಯೂಟರನ್ನು ಸೇರುತ್ತವೆ. ದಾರಿ ಎಲ್ಲಿ ಕಡಿದಿದೆ ಎಂಬುದನ್ನು ಕಂಡುಕೊಂಡರೆ ಅರ್ಧ ಕೆಲಸ ಮುಗಿದಂತೆ.

ಮೊದಲು ಕೇಬಲ್. ದೀಪ ಉರಿದ ಮಾತ್ರಕ್ಕೆ ಕೇಬಲ್ ಸರಿಯಿದೆ ಎನ್ನುವಂತಿಲ್ಲ. ಮೊಬೈಲ್ ಚಾರ್ಜಿಗೆಂದೇ ಬರುವ ಕೆಲವು ಅಗ್ಗದ ಕೇಬಲ್‌ಗಳಲ್ಲಿ ವಿದ್ಯುತ್ತಿನ ತಂತಿಗಳಿರುತ್ತವೆಯೇ ಹೊರತು ಮಾಹಿತಿ ಸಾಗಿಸುವ ತಂತಿಗಳಿರುವುದಿಲ್ಲ. ಪೆಟ್ಟಿಗೆಯೊಂದಿಗೆ ಬಂದ ಕೇಬಲನ್ನೇ ಬಳಸಿ. ಹಲವು ಸಾಧನಗಳನ್ನು ಒಂದೇ ಕಿಂಡಿಗೆ ಕೂಡಿಸುವ ಹಬ್ ಬೇಡ. ನೇರವಾಗಿ ಕಂಪ್ಯೂಟರಿಗೇ ಜೋಡಿಸಿ. ಯುಎಸ್‌ಬಿ 2.0 ಕಿಂಡಿ ಕೊಡುವುದು 500 ಮಿಲಿಆಂಪಿಯರ್ ವಿದ್ಯುತ್ ಮಾತ್ರ. ಅದನ್ನು ನಾಲ್ಕು ಸಾಧನಗಳು ಹಂಚಿಕೊಂಡರೆ ಇಂಟರ್‌ಫೇಸು ಅರೆಹೊಟ್ಟೆಯಲ್ಲಿ ಕೆಲಸ ಮಾಡಬೇಕಾಗುತ್ತದೆ.

ಎರಡನೆಯದು ಕಂಪ್ಯೂಟರಿನ ಒಪ್ಪಿಗೆ. ವಿಂಡೋಸಿನ ಸೌಂಡ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್ ಎಂಬಲ್ಲಿ ಇಂಟರ್‌ಫೇಸಿನ ಹೆಸರು ಕಾಣಬೇಕು. ಹೆಸರಿದ್ದರೂ ಲ್ಯಾಪ್‌ಟಾಪಿನ ಒಳಮೈಕೇ ಆಯ್ಕೆಯಾಗಿರಬಹುದು. ಧ್ವನಿಮುದ್ರಣದ ತಂತ್ರಾಂಶದೊಳಗೂ ಇದೇ ಆಯ್ಕೆಯನ್ನು ಮತ್ತೊಮ್ಮೆ ನೋಡಬೇಕು. ಪ್ರೈವಸಿ ವಿಭಾಗದಲ್ಲಿ ಮೈಕ್ರೊಫೋನ್ ಬಳಕೆಗೆ ಅನುಮತಿ ಇಲ್ಲದಿದ್ದರೆ ಎಲ್ಲವೂ ಸರಿಯಿದ್ದಂತೆ ಕಂಡರೂ ಮೌನವೇ ದಾಖಲಾಗುತ್ತದೆ. ಡ್ರೈವರ್ ಬೇಕಿದ್ದರೆ ತಯಾರಕರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ.

ಮೂರನೆಯದು ಮೈಕು. ನಮ್ಮ ಮನೆಯ ಕಳ್ಳ ಸಿಕ್ಕಿದ್ದು ಇಲ್ಲಿಯೇ. ಕಂಡೆನ್ಸರ್ ಮೈಕಿಗೆ ಇಂಟರ್‌ಫೇಸಿನಿಂದ 48 ವೋಲ್ಟ್ ವಿದ್ಯುತ್ ಬೇಕು. ಇದಕ್ಕೆ ಫ್ಯಾಂಟಮ್ ಪವರ್ ಎನ್ನುತ್ತಾರೆ. ವೇದಿಕೆಯಲ್ಲಿ ಕೈಯಲ್ಲಿ ಹಿಡಿದು ಹಾಡುವ ಸಾಮಾನ್ಯ ಡೈನಮಿಕ್ ಮೈಕಿಗೆ ಅದು ಬೇಡ. ನಮ್ಮಲ್ಲಿರುವ ಮಾದರಿಯಲ್ಲಿ ಯಂತ್ರವನ್ನು ಆರಿಸಿದಾಗಲೆಲ್ಲ 48 ವೋಲ್ಟಿನ ಗುಂಡಿಯೂ ಆರಿಹೋಗುತ್ತದೆ. ಮೊದಲ ರಾತ್ರಿ ಗಡಿಬಿಡಿಯಲ್ಲಿ ನಾನು ಅದನ್ನು ಒತ್ತಿದ್ದೆ; ಮರುದಿನ ಒತ್ತಿರಲಿಲ್ಲ. ಇಷ್ಟಕ್ಕಾಗಿ ಹೊಸ ಮೈಕನ್ನೇ ತರುವ ಆಲೋಚನೆ ಮಾಡಿದ್ದೆ!

ಧ್ವನಿ ಬಂದ ಮೇಲೆ ಗೇನ್ ಗುಂಡಿಯ ಸರದಿ. ಹಾಡುವವರು ಅತಿ ಎತ್ತರದಲ್ಲಿ ಹಾಡಿದಾಗಲೂ ಮಾಪಕದ ಗೆರೆ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ಒಳಗೆ ನಿಲ್ಲಲಿ. ಕೆಂಪು ದೀಪ ಹೊತ್ತಿದರೆ ಧ್ವನಿ ಒಡೆದಿದೆ ಎಂದರ್ಥ. ಹಾಗೆ ಒಡೆದದ್ದನ್ನು ಆಮೇಲೆ ಪೂರ್ತಿ ಸರಿಪಡಿಸಲಾಗದು. ಮೆಲ್ಲಗೆ ದಾಖಲಾದುದನ್ನು ಹೆಚ್ಚಿಸಬಹುದು.

ಚಟಪಟ ಸದ್ದು ನಡುನಡುವೆ ಬಂದರೆ ಬಫರ್ ಗಾತ್ರವನ್ನು ನೋಡಿ. ಕಂಪ್ಯೂಟರು ಅಂಕಿಗಳನ್ನು ಸಣ್ಣ ಸಣ್ಣ ಕಂತುಗಳಲ್ಲಿ ಪಡೆಯುತ್ತದೆ. ಕಂತು ಬಹಳ ಚಿಕ್ಕದಾದರೆ ಹಳೆಯ ಕಂಪ್ಯೂಟರಿಗೆ ಪುರಸೊತ್ತು ಸಿಗುವುದಿಲ್ಲ. ಬಫರನ್ನು 128ರಿಂದ 512ಕ್ಕೆ ಏರಿಸಿದರೆ ಸದ್ದು ಸಾಮಾನ್ಯವಾಗಿ ನಿಲ್ಲುತ್ತದೆ. 48,000ದ ಮಾಪನದಲ್ಲಿ 512 ಎಂದರೆ ಸುಮಾರು 11 ಮಿಲಿಸೆಕೆಂಡು; ಬರಿಯ ಹಾಡು ದಾಖಲಿಸಲು ಈ ವಿಳಂಬ ಬಾಧಕವಲ್ಲ. ಅಜ್ಜಿಯ ಧ್ವನಿ ತುಸು ದಪ್ಪವಾಗಿ, ನಿಧಾನವಾಗಿ ಕೇಳಿದರೆ 48,000ದಲ್ಲಿ ದಾಖಲಾದದ್ದನ್ನು 44,100ರಲ್ಲಿ ನುಡಿಸುತ್ತಿರುವ ಸಂಭವವಿದೆ. ಇಂಟರ್‌ಫೇಸು, ವಿಂಡೋಸು, ತಂತ್ರಾಂಶ ಮೂರರಲ್ಲಿಯೂ ಒಂದೇ ಸಂಖ್ಯೆ ಇರಬೇಕು. ಹಾಡು ಒಂದೇ ಕಿವಿಗೆ ಕೇಳಿಸಿದರೆ ಸ್ಟೀರಿಯೋ ಬದಲು ಮೊನೊ ಆರಿಸಿ.

ಹಿನ್ನೆಲೆಯಲ್ಲಿ ಗುಂಯ್ ಎಂಬ ನಾದ ಬಿಡದೆ ಕೇಳಿದರೆ ಅದು ಮನೆಯ ವಿದ್ಯುತ್ತಿನದೇ ಆಗಿರಬಹುದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುತ್ತದೆ. ಲ್ಯಾಪ್‌ಟಾಪಿನ ಚಾರ್ಜರನ್ನು ಕಳಚಿ ನೋಡಿ. ನಾದ ನಿಂತರೆ ಬ್ಯಾಟರಿಯಲ್ಲಿಯೇ ದಾಖಲಿಸಿ. ಕರೆಂಟು ಹೋದಾಗ ಇನ್ವರ್ಟರಿನಿಂದಲೂ ಇಂಥ ಸದ್ದು ಬರುವುದುಂಟು. ನಾದ ನಿಲ್ಲಿಸಲೆಂದು ಪ್ಲಗ್ಗಿನ ಅರ್ಥ್ ಪಿನ್ನನ್ನು ಮುರಿಯುವ ಸಾಹಸ ಮಾತ್ರ ಬೇಡವೇ ಬೇಡ. ಅದು ಪ್ರಾಣ ಕಾಯುವ ತಂತಿ. ತುಲಾ ತಿಂಗಳ ಗುಡುಗು ಮಳೆಯ ಸಂಜೆಗಳಲ್ಲಿ ಎಲ್ಲವನ್ನೂ ಕಳಚಿಡುವುದೇ ಲೇಸು.

ಇಷ್ಟಾದರೂ ದಾರಿ ಕಾಣದಿದ್ದರೆ ಇಂಟರ್‌ಫೇಸನ್ನು ನೆರೆಮನೆಯ ಅಥವಾ ಶಾಲೆಯ ಕಂಪ್ಯೂಟರಿಗೆ ಜೋಡಿಸಿ ನೋಡಿ. ಅಲ್ಲಿಯೂ ಮೌನವಾಗಿದ್ದರೆ ಮಾತ್ರ ಅಂಗಡಿಯ ಕಡೆ ಹೆಜ್ಜೆಯಿಡಿ.

ಇನ್ನೊಂದು ಅಭ್ಯಾಸವನ್ನು ಮಗ ತಾನೇ ರೂಢಿಸಿಕೊಂಡಿದ್ದಾನೆ. ಹಿರಿಯರನ್ನು ಕೂರಿಸುವ ಮೊದಲೇ ತಾನು ಒಂದು ನಿಮಿಷ ಓದಿ ದಾಖಲಿಸಿ, ಕೇಳಿ ನೋಡುತ್ತಾನೆ. ಅವನ ಶಾಲೆಯ ಕನ್ನಡ ಪದ್ಯ ಆ ನೆಪದಲ್ಲಿ ಬಾಯಿಪಾಠವಾಗಿದೆ. ಪ್ರತಿ ಹಾಡಿನ ಮೊದಲು ಹಾಡುವವರ ಹೆಸರು, ಊರು, ತಾರೀಕು, ಯಾವ ಸಂದರ್ಭದ ಹಾಡು ಎಂಬುದನ್ನು ಗಟ್ಟಿಯಾಗಿ ಹೇಳುತ್ತಾನೆ. ಮೊನೊ ವೇವ್ ಕಡತ ನಿಮಿಷಕ್ಕೆ ಸುಮಾರು 5 ಎಂಬಿ ಜಾಗ ಹಿಡಿಯುತ್ತದೆ. ಒಂದು ಪ್ರತಿ ಕಂಪ್ಯೂಟರಿನಲ್ಲಿ, ಒಂದು ಪೆನ್‌ಡ್ರೈವಿನಲ್ಲಿ, ಒಂದು ಸಂಬಂಧಿಕರ ಮನೆಯಲ್ಲಿ ಇದೆ.

ರಜೆ ಮುಗಿಯುವಷ್ಟರಲ್ಲಿ ಹನ್ನೊಂದು ಹಾಡುಗಳು ದಾಖಲಾದವು. ಹನ್ನೊಂದನೆಯದರ ನಡುವೆ ಅಜ್ಜಿ ಸಾಲು ಮರೆತು, "ತಡಿ ಮಗಾ, ಈಗ ಬಂದೀತು" ಎಂದು ಸುಮ್ಮನಾಗುತ್ತಾರೆ. ಮತ್ತೆ ಹಾಡು ಮುಂದುವರಿಯುತ್ತದೆ. ಆ ಮೌನವನ್ನು ಕತ್ತರಿಸಲೇ ಎಂದು ಮಗ ಕೇಳಿದ. ಬೇಡ, ಹಾಗೆಯೇ ಇರಲಿ ಎಂದೆ.