ಎಡಗೈ ಹಿಡಿಯುವ ನಾಲ್ಕು ಲಕ್ಷ ಕ್ಲಚ್

ಜಯನಗರ ನಾಲ್ಕನೇ ಬ್ಲಾಕಿನಿಂದ ಸಿಲ್ಕ್ ಬೋರ್ಡ್ ದಾಟಿ ಮಾರತ್ತಹಳ್ಳಿಗೆ ಸುಮಾರು 15 ಕಿಲೋಮೀಟರ್. ಜಗತ್ತಿನ ನಗರಗಳ ಸಂಚಾರವನ್ನು ಅಳೆದು ಪ್ರತಿವರ್ಷ ಪಟ್ಟಿ ಹೊರಡಿಸುವ ಟಾಮ್‌ಟಾಮ್ ಕಂಪನಿಯ 2024ರ ಲೆಕ್ಕದಲ್ಲಿ, ಬೆಂಗಳೂರಿನಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 34 ನಿಮಿಷ 10 ಸೆಕೆಂಡು ಹಿಡಿಯುತ್ತಿತ್ತು. ಗಂಟೆಗೆ ಹದಿನೇಳೂವರೆ ಕಿಲೋಮೀಟರ್ ಆಯಿತು. ಬೈಕಿನವರು ಕಾರುಗಳ ಸಂದಿಯಲ್ಲಿ ನುಸುಳಿ ಒಂದಿಷ್ಟು ಉಳಿಸಿಕೊಳ್ಳಬಹುದು, ಆದರೆ ಸಿಗ್ನಲ್ ಎಲ್ಲರಿಗೂ ಒಂದೇ. ಸದ್ಯಕ್ಕೆ ಈ ವೇಗವನ್ನೇ ಇಟ್ಟುಕೊಳ್ಳೋಣ: ಹೋಗುವುದಕ್ಕೆ 51 ನಿಮಿಷ, ಬರುವುದಕ್ಕೆ 51 ನಿಮಿಷ.

ಈಗ ಸ್ಪ್ಲೆಂಡರ್ ಬೈಕಿನ ಎಂಜಿನ್ನಿನೊಳಗೆ ಹೊಕ್ಕು ನೋಡಿ. ಪಿಸ್ಟನ್ ಮೇಲಿನಿಂದ ಕೆಳಕ್ಕೆ ಓಡಾಡುವ ದೂರ 49.5 ಮಿಲಿಮೀಟರ್. ಐದು ಸೆಂಟಿಮೀಟರೂ ಪೂರ್ತಿ ಇಲ್ಲ. ಎಂಜಿನ್ ಒಂದು ಸುತ್ತು ಸುತ್ತಿದರೆ ಪಿಸ್ಟನ್ ಒಮ್ಮೆ ಕೆಳಗಿಳಿದು ಒಮ್ಮೆ ಮೇಲೇರುತ್ತದೆ, 99 ಮಿಲಿಮೀಟರ್. ಊರೊಳಗಿನ ಓಡಾಟದಲ್ಲಿ ಸರಾಸರಿ ನಿಮಿಷಕ್ಕೆ 3,000 ಸುತ್ತು ಎಂದಿಟ್ಟುಕೊಂಡರೆ ಪಿಸ್ಟನ್ ನಿಮಿಷಕ್ಕೆ 297 ಮೀಟರ್, ಗಂಟೆಗೆ 17.8 ಕಿಲೋಮೀಟರ್ ಓಡುತ್ತದೆ. ಗಾಡಿ ಜಯನಗರ ಬಿಟ್ಟು ಮಾರತ್ತಹಳ್ಳಿ ಸೇರುವ ಹೊತ್ತಿಗೆ, ಎಂಜಿನ್ ಬಿಟ್ಟು ಆಚೆಗೆ ಬಾರದ ಪಿಸ್ಟನ್ ಅಲ್ಲೇ 15 ಕಿಲೋಮೀಟರಿಗಿಂತ ತುಸು ಹೆಚ್ಚೇ ಓಡಿರುತ್ತದೆ. ರಸ್ತೆಯ ಮೇಲೆ ನೀವು ಹೋದ ದೂರಕ್ಕಿಂತ ಐದು ಸೆಂಟಿಮೀಟರಿನ ಕೊಳವೆಯಲ್ಲಿ ಅದು ಹೋದ ದೂರವೇ ಜಾಸ್ತಿ.

ಹೀಗೆ ಓಡುವಾಗ ಅದು ಪ್ರತಿ ತುದಿಯಲ್ಲೂ ಪೂರ್ತಿ ನಿಂತು ಹಿಂದಕ್ಕೆ ತಿರುಗಬೇಕು. 3,000 ಸುತ್ತಿನಲ್ಲಿ ಅದು ಸೆಕೆಂಡಿಗೆ 100 ಸಲ ನಿಲ್ಲುತ್ತದೆ, 100 ಸಲ ಹೊರಡುತ್ತದೆ. ಅದೇ ಸೆಕೆಂಡಿನಲ್ಲಿ 25 ಸಲ ಪೆಟ್ರೋಲು ಉರಿಯುತ್ತದೆ. ನೀವು ಮನೆಗೆ ವಾಪಸಾಗುವ ಹೊತ್ತಿಗೆ ಒಂದೂವರೆ ಲಕ್ಷ ಸಲ ಉರಿದಿರುತ್ತದೆ. ಆ ನಿಲುವು, ಹೊರಡುವಿಕೆ, ಉರಿ ಎಲ್ಲದರ ನಡುಕವೂ ಹ್ಯಾಂಡಲ್, ಸೀಟು, ಕಾಲಿಡುವ ಫುಟ್‌ರೆಸ್ಟ್ ಈ ಮೂರು ದಾರಿ ಹಿಡಿದು ನಿಮ್ಮ ಮೈಗೇ ಬರುತ್ತದೆ.

ವರ್ಷಕ್ಕೆ 270 ದಿನ ಕೆಲಸಕ್ಕೆ ಹೋಗುವವರು ಹೀಗೆ 8,100 ಕಿಲೋಮೀಟರ್ ಓಡಿಸುತ್ತಾರೆ. ಐದು ವರ್ಷಕ್ಕೆ 40,500. ಭೂಮಧ್ಯರೇಖೆಯ ಸುತ್ತಳತೆ 40,075 ಕಿಲೋಮೀಟರ್. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತು ನಿಂತು ನಮ್ಮ ಜನ ಭೂಮಿಗೆ ಒಂದು ಪ್ರದಕ್ಷಿಣೆ ಬರುತ್ತಾರೆ, ಅದೂ ಅಂಗೈಯಗಲದ ಸೀಟಿನ ಮೇಲೆ. ಆ ಪ್ರದಕ್ಷಿಣೆಗೆ ತಗಲುವ ಹೊತ್ತು 2,300 ಗಂಟೆ. ಊಟ, ನಿದ್ದೆ ಬಿಟ್ಟು ಕೂತರೂ 96 ಹಗಲು, 96 ರಾತ್ರಿ. ಇಷ್ಟು ಹೊತ್ತು ಕೂರಬೇಕಾದ ವಸ್ತುವನ್ನು ನಾವು ಶೋರೂಮಿನಲ್ಲಿ ನಿಂತೇ ನೋಡಿ, ಬಣ್ಣ ಆರಿಸಿ, ಮುಂಗಡ ಕೊಟ್ಟು ಬರುತ್ತೇವೆ. ಇದು ನನಗೆ ನಿಜಕ್ಕೂ ಸಂಕಟದ ವಿಷಯ.

2024-25ರಲ್ಲಿ ಭಾರತದೊಳಗೆ ಮಾರಾಟವಾದ ದ್ವಿಚಕ್ರ ವಾಹನಗಳು ಸುಮಾರು 1.96 ಕೋಟಿ. ಹಗಲು ರಾತ್ರಿ, ಹಬ್ಬ ಹರಿದಿನ ಎಲ್ಲ ಸೇರಿಸಿ 1.6 ಸೆಕೆಂಡಿಗೆ ಒಂದು. ಅದರಲ್ಲಿ 1.22 ಕೋಟಿಗೂ ಹೆಚ್ಚು ಮೋಟಾರ್‌ಸೈಕಲ್‌ಗಳು. ಅಂಗಡಿಯವನು ಮೊದಲು ಹೇಳುವುದು ಸಿಸಿ, ಆಮೇಲೆ ಹಾರ್ಸ್‌ಪವರ್, ಆಮೇಲೆ ಮೈಲೇಜ್. ಮೈಲೇಜಿನ ಮಾತು ಸರಿ, ಅದು ಜೇಬಿನದು. ಹಾರ್ಸ್‌ಪವರ್ ಮಾತ್ರ ಊರೊಳಗೆ ಓಡಾಡುವವರಿಗೆ ಬಹುಪಾಲು ಬೇಕಿಲ್ಲದ ಸಂಖ್ಯೆ. 112 ಕಿಲೋ ಗಾಡಿ, 70 ಕಿಲೋ ಸವಾರ, ಸಮತಟ್ಟು ರಸ್ತೆ, ಗಂಟೆಗೆ 40 ಕಿಲೋಮೀಟರಿನ ಒಂದೇ ಸಮನಾದ ವೇಗ: ಟೈರಿನ ಉಜ್ಜಾಟ, ಗಾಳಿಯ ತಡೆ ಎರಡನ್ನೂ ಲೆಕ್ಕ ಹಾಕಿದರೆ ಬೇಕಾಗುವ ಶಕ್ತಿ ಸುಮಾರು 1 ಹಾರ್ಸ್‌ಪವರ್. ಹದಿನೇಳೂವರೆ ಕಿಲೋಮೀಟರ್ ವೇಗಕ್ಕಾದರೆ ಅದರ ಕಾಲು ಭಾಗ. ಸಿಗ್ನಲ್ ಬಿಟ್ಟಾಗ ಎಳೆಯುವುದಕ್ಕೆ, ಹಿಂದೆ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು ಫ್ಲೈಓವರ್ ಹತ್ತುವುದಕ್ಕೆ ಹೆಚ್ಚು ಬೇಕು, ನಿಜ. ಅದಕ್ಕೆ ನೂರು ಸಿಸಿಯ ಎಂಜಿನ್ನಿನಲ್ಲಿ 8ರಷ್ಟು ಹಾರ್ಸ್‌ಪವರ್ ಇದೆ. ದೊಡ್ಡ ಬೈಕಾದ ಕ್ಲಾಸಿಕ್ 350ಯಲ್ಲಿ 20ರಷ್ಟಿದೆ.

ಹೆಚ್ಚಿದ್ದರೆ ಇರಲಿ ಬಿಡಿ ಎನ್ನುವ ಹಾಗೂ ಇಲ್ಲ, ಬಳಸದ ಶಕ್ತಿಗೂ ಮೈ ತೆರಿಗೆ ಕಟ್ಟುತ್ತದೆ. ಸ್ಪ್ಲೆಂಡರ್ 112 ಕಿಲೋ, ಕ್ಲಾಸಿಕ್ 195 ಕಿಲೋ. ಸಿಗ್ನಲ್ಲಿನಲ್ಲಿ ಒಂದು ಕಾಲು ಊರಿ ನಿಂತಾಗ ಗಾಡಿ 10 ಡಿಗ್ರಿ ವಾಲಿತು ಅನ್ನಿ. ಭಾರದ ಕೇಂದ್ರ ಹ್ಯಾಂಡಲಿನ ಅರ್ಧ ಎತ್ತರದಲ್ಲಿದೆ ಎಂದುಕೊಂಡರೆ, ಅದನ್ನು ಹಿಡಿದು ನಿಲ್ಲಿಸಲು ಹ್ಯಾಂಡಲಿನಲ್ಲಿ ಸ್ಪ್ಲೆಂಡರಿಗೆ ಸುಮಾರು 10 ಕಿಲೋದಷ್ಟು ಬಲ ಬೇಕು, ಕ್ಲಾಸಿಕ್ಕಿಗೆ 17. ಒಂದು ಸಲಕ್ಕೆ ಈ 7 ಕಿಲೋ ಗೊತ್ತೇ ಆಗುವುದಿಲ್ಲ. ಕಿಲೋಮೀಟರಿಗೆ ಎರಡು ಸಲ ನಿಂತರೆ ದಿನಕ್ಕೆ 60 ಸಲ.

ಬಿಸಿಯ ಲೆಕ್ಕವೂ ಹೀಗೆಯೇ. ಒಂದು ಲೀಟರ್ ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಚಕ್ರಕ್ಕೆ ಸಿಗುವುದು ಹೆಚ್ಚೆಂದರೆ ಕಾಲು ಭಾಗ, ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಜಾಮಿನಲ್ಲಿ ಸಣ್ಣ ಬೈಕು ಲೀಟರಿಗೆ 45 ಕಿಲೋಮೀಟರ್, ದೊಡ್ಡದು 30 ಕೊಡುತ್ತದೆ ಎಂದಿಟ್ಟುಕೊಳ್ಳಿ. ಹದಿನೇಳೂವರೆ ವೇಗದಲ್ಲಿ ಸಣ್ಣದು ಎರಡೂವರೆ ಕಿಲೋವ್ಯಾಟಿಗಿಂತ ಸ್ವಲ್ಪ ಹೆಚ್ಚು, ದೊಡ್ಡದು 4 ಕಿಲೋವ್ಯಾಟ್ ಬಿಸಿ ಬಿಡುತ್ತದೆ. ಬಚ್ಚಲುಮನೆಯ ಗೀಸರು ಸಾಮಾನ್ಯವಾಗಿ 2 ಕಿಲೋವ್ಯಾಟಿನದು. ಏಪ್ರಿಲಿನ ಮಧ್ಯಾಹ್ನ, ಮುಂದೆ ಬಿಎಂಟಿಸಿ ಬಸ್ಸು, ಪಕ್ಕದಲ್ಲಿ ಲಾರಿ, ಗಾಳಿ ಅಲುಗದ ಜಾಗದಲ್ಲಿ ಎರಡು ಗೀಸರುಗಳನ್ನು ಮೊಣಕಾಲುಗಳ ನಡುವೆ ಹಚ್ಚಿಟ್ಟುಕೊಂಡು ತೆವಳುವುದು ಅಂದರೆ ಅದು.

ಕ್ಲಾಸಿಕ್ ಕೆಟ್ಟ ಗಾಡಿ ಎಂದು ನಾನು ಹೇಳುತ್ತಿಲ್ಲ. 2021ರಲ್ಲಿ ಹೊಸ ಎಂಜಿನ್ ಬಂದಾಗ ಅದಕ್ಕೆ ಬ್ಯಾಲೆನ್ಸರ್ ಶಾಫ್ಟ್ ಹಾಕಿದರು. ಪಿಸ್ಟನ್ನಿನ ನಡುಕಕ್ಕೆ ಎದುರಾಗಿ ಸುತ್ತುವ ಒಂದು ಭಾರ ಅದು. ಹಳೆಯ ಬುಲೆಟ್ ಓಡಿಸಿ ಅಂಗೈ ಜೋಮು ಹಿಡಿಸಿಕೊಂಡವರಿಗೆ ಅದರ ಬೆಲೆ ಚೆನ್ನಾಗಿ ಗೊತ್ತು. ಹಾಸನದ ಕಡೆಗೋ ಚಿಕ್ಕಮಗಳೂರಿನ ಕಡೆಗೋ ಹೋಗುವವರಿಗೆ ಅದು ಸುಖದ ಗಾಡಿ. ದಿನಾ ಸಿಲ್ಕ್ ಬೋರ್ಡಿಗೆ ಅಲ್ಲ.

ಎಲ್ಲಕ್ಕಿಂತ ದೊಡ್ಡ ಲೆಕ್ಕ ಎಡಗೈಯದು. ಯಾವ ಜಾಹೀರಾತಿನಲ್ಲೂ ಅದು ಅಚ್ಚಾಗುವುದಿಲ್ಲ.

ಒಂದು ಸಿಗ್ನಲ್ಲಿನಲ್ಲಿ ಎಡಗೈ ಏನು ಮಾಡುತ್ತದೆ ನೋಡಿ. ನಿಲ್ಲಿಸಲು ಒಮ್ಮೆ ಕ್ಲಚ್ ಹಿಡಿಯಬೇಕು. ಫಸ್ಟ್ ಗೇರಿಗೆ ಹಾಕಲು ಒಮ್ಮೆ, ಸೆಕೆಂಡಿಗೆ ಒಮ್ಮೆ, ಥರ್ಡಿಗೆ ಒಮ್ಮೆ. ಮುಂದಿನ ಆಟೋ ಬ್ರೇಕ್ ಹಾಕಿದರೆ ಮತ್ತೆ ಒಮ್ಮೆ. ಒಂದು ನಿಲುಗಡೆಗೆ ಐದು ಹಿಡಿತ, ಕಿಲೋಮೀಟರಿಗೆ ಹತ್ತು. ಅರ್ಧ ಕ್ಲಚ್ಚಿನಲ್ಲಿ ಇರುವೆಯಂತೆ ತೆವಳುವ ಜಾಮುಗಳನ್ನು ನಾನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ಹೀಗೆ ದಿನಕ್ಕೆ 300, ವರ್ಷಕ್ಕೆ 81,000, ಐದು ವರ್ಷಕ್ಕೆ 4,05,000 ಹಿಡಿತ. ಒಂದೊಂದಕ್ಕೆ 5 ಕಿಲೋ ಬಲ ಬೇಕಾದರೆ ಎಡಗೈಯ ನಾಲ್ಕು ಬೆರಳು ದಿನಕ್ಕೆ ಒಂದೂವರೆ ಟನ್ ಹಿಂಡುತ್ತವೆ. ಐದು ವರ್ಷಕ್ಕೆ ಎರಡು ಸಾವಿರ ಟನ್ ದಾಟುತ್ತದೆ. ಬೆಂಗಳೂರಿನಲ್ಲಿ ನೋಂದಣಿಯಾದ ವಾಹನಗಳು ಒಂದು ಕೋಟಿ ದಾಟಿವೆ, ಅವುಗಳಲ್ಲಿ ಹೆಚ್ಚಿನವು ದ್ವಿಚಕ್ರ ವಾಹನಗಳೇ. ಅದರಲ್ಲಿ ಹತ್ತು ಲಕ್ಷ ಗೇರಿನ ಬೈಕುಗಳಷ್ಟೇ ಬೀದಿಗಿಳಿದರೂ ಈ ಒಂದು ಊರಿನ ಎಡಗೈಗಳು ದಿನಕ್ಕೆ 30 ಕೋಟಿ ಸಲ ಕ್ಲಚ್ ಹಿಡಿಯುತ್ತವೆ.

ಈ ಕಷ್ಟಕ್ಕೆ ಪರಿಹಾರವನ್ನು ಜಗತ್ತು ಬಹಳ ಹಿಂದೆಯೇ ಕಂಡುಕೊಂಡಿತ್ತು. 1958ರಲ್ಲಿ ಜಪಾನಿನಲ್ಲಿ ಬಂದ ಹೋಂಡಾ ಸೂಪರ್ ಕಬ್‌ನಲ್ಲಿ ಕ್ಲಚ್ ಹಿಡಿಯೇ ಇರಲಿಲ್ಲ. ಸೋಬಾ ಶ್ಯಾವಿಗೆ ಮನೆಮನೆಗೆ ತಲುಪಿಸುವ ಹುಡುಗ ಒಂದು ಕೈಯಲ್ಲಿ ತಟ್ಟೆ ಹೊತ್ತು ಇನ್ನೊಂದರಲ್ಲಿ ಗಾಡಿ ಓಡಿಸುವಂತಿರಬೇಕು ಎಂಬುದು ಅದನ್ನು ಕಟ್ಟಿದವರ ಹಟ. ಎಂಜಿನ್ ವೇಗ ಇಳಿದಾಗ ತಾನೇ ಬಿಡುವ, ಏರಿದಾಗ ತಾನೇ ಕಚ್ಚುವ ಕ್ಲಚ್ ಇಟ್ಟರು. 2017ರ ಹೊತ್ತಿಗೆ ಆ ಗಾಡಿ ಹತ್ತು ಕೋಟಿ ತಯಾರಾಗಿತ್ತು. ಎಂಜಿನ್ ಇರುವ ಇನ್ನಾವ ವಾಹನವೂ ಆ ಸಂಖ್ಯೆ ಮುಟ್ಟಿಲ್ಲ. ನಮ್ಮ ಸ್ಪ್ಲೆಂಡರಿನ 97.2 ಸಿಸಿ ಎಂಜಿನ್ ಅದೇ ಮನೆತನದ್ದು. ಇಲ್ಲಿಗೆ ಬರುವಾಗ ಎಡಗೈಗೆ ಕ್ಲಚ್ ಕಟ್ಟಿಕೊಂಡು ಬಂತು.

ಮೈಸೂರಿನವರಿಗೆ ಇನ್ನೊಂದು ಗಾಡಿ ನೆನಪಾಗಬೇಕು. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1960ರ ದಶಕದ ಆರಂಭದಿಂದ 1996ರವರೆಗೆ ಗಾಡಿ ತಯಾರಿಸಿತು. ಆ ಜಾವಾದಲ್ಲಿ ಕಿಕ್ ಹೊಡೆಯುವ ಪೆಡಲೇ ಗೇರ್ ಪೆಡಲ್ಲೂ ಆಗಿತ್ತು. ಅದಕ್ಕಿಂತ ಸೊಗಸಾದದ್ದು, ಗೇರ್ ಪೆಡಲ್ ಒತ್ತುತ್ತಿದ್ದಂತೆ ಒಳಗಿನ ಸನ್ನೆಯೊಂದು ಕ್ಲಚ್ಚನ್ನೂ ಬಿಡಿಸುತ್ತಿತ್ತು. ಓಡುತ್ತಿರುವಾಗ ಗೇರು ಬದಲಿಸಲು ಎಡಗೈ ಬೇಕಾಗಿರಲಿಲ್ಲ. ಅರವತ್ತು ವರ್ಷದ ಹಿಂದೆ ನಮ್ಮ ನಾಡಿನಲ್ಲೇ ತಯಾರಾದ ಗಾಡಿಗಿದ್ದ ಈ ಕರುಣೆ ಇವತ್ತು ಲಕ್ಷಗಟ್ಟಲೆ ಮಾರಾಟವಾಗುವ ಗೇರಿನ ಬೈಕುಗಳಿಗಿಲ್ಲ.

ಹಾಗಾದರೆ ಸ್ಕೂಟರ್ ತೆಗೆದುಕೊಂಡರಾಯಿತಲ್ಲ? ಎಡಗೈಯ ಮಟ್ಟಿಗೆ ಹೌದು. ಬೆಲ್ಟು, ತಾನೇ ಕಚ್ಚುವ ಕ್ಲಚ್, ನಾಲ್ಕು ಲಕ್ಷ ಇದ್ದದ್ದು ನೇರವಾಗಿ ಸೊನ್ನೆಗಿಳಿಯುತ್ತದೆ. ಸೀಟೂ ತಗ್ಗು, ಆಕ್ಟಿವಾದ್ದು 764 ಮಿಲಿಮೀಟರ್, ಸ್ಪ್ಲೆಂಡರಿನದು 785. ಆದರೆ ಈಗ ಬೆನ್ನು ಲೆಕ್ಕ ಕೇಳುತ್ತದೆ. ಆಕ್ಟಿವಾದ ಹಿಂದಿನ ಚಕ್ರ 10 ಇಂಚಿನದು, ಟೈರ್ ಸೇರಿ ಅದರ ವ್ಯಾಸ 43 ಸೆಂಟಿಮೀಟರ್. ಸ್ಪ್ಲೆಂಡರಿನ 18 ಇಂಚಿನ ಚಕ್ರ ಟೈರ್ ಸೇರಿ 60ರ ಹತ್ತಿರ. 30 ಸೆಂಟಿಮೀಟರ್ ಅಗಲದ ಗುಂಡಿಯ ಮೇಲೆ ನಿಧಾನಕ್ಕೆ ಹಾದರೆ ದೊಡ್ಡ ಚಕ್ರ 40 ಮಿಲಿಮೀಟರ್ ಇಳಿಯುತ್ತದೆ, ಚಿಕ್ಕದು 60. ಇದು ಬರಿಯ ಜ್ಯಾಮಿತಿ, ಯಾವ ಕಂಪನಿಯ ಜಾಣತನವೂ ಇದನ್ನು ಬದಲಿಸಲಾರದು. ಪ್ರತಿ ಗುಂಡಿಯಲ್ಲೂ ಒಂದೂವರೆ ಪಟ್ಟು ಪೆಟ್ಟು. ಮನುಷ್ಯನ ದೇಹ ಮೇಲೆ ಕೆಳಗೆ ಅಲುಗಾಡುವಾಗ ಅತಿ ಹೆಚ್ಚು ನೋಯುವುದು ಸೆಕೆಂಡಿಗೆ 4ರಿಂದ 8 ಸಲ ಕುಲುಕಿದಾಗ. ಕಿತ್ತುಹೋದ ಡಾಂಬರು, ಸಾಲು ಸಾಲು ಸಣ್ಣ ಹಂಪುಗಳು ಕುಲುಕಿಸುವುದು ಸಾಮಾನ್ಯವಾಗಿ ಈ ಲಯಕ್ಕೆ ಹತ್ತಿರದಲ್ಲೇ. ಹಾಗಾಗಿ ಬೆನ್ನುನೋವು ಇರುವವರು ಶಾಕ್ ಅಬ್ಸಾರ್ಬರ್ ಎಷ್ಟು ಇಳಿಯುತ್ತದೆ ಎಂದು ಕೇಳಬೇಕು. ಪ್ಲಾಟಿನಾ 110 ಬೈಕಿನಲ್ಲಿ ಅದು ಮುಂದೆ 135, ಹಿಂದೆ 110 ಮಿಲಿಮೀಟರ್. ಬಡವರ ಗಾಡಿ ಎಂದು ಮೂಗು ಮುರಿಯುವವರು ಅದನ್ನು ಗುಂಡಿ ಬಿದ್ದ ರಸ್ತೆಯಲ್ಲಿ ಒಮ್ಮೆ ಓಡಿಸಿ ನೋಡಲಿ.

ನನ್ನ ತೀರ್ಮಾನ ಹೀಗಿದೆ. ದಾರಿ ಚೆನ್ನಾಗಿದ್ದು ಜಾಮು ಹೆಚ್ಚಿದ್ದರೆ ಸ್ಕೂಟರ್, ವಿದ್ಯುತ್ತಿನದಾದರೆ ಇನ್ನೂ ಒಳ್ಳೆಯದು. ಅದರಲ್ಲಿ ಸೆಕೆಂಡಿಗೆ ನೂರು ಸಲ ನಿಲ್ಲುವ ಪಿಸ್ಟನ್ ಇಲ್ಲ, ಕಾಲ ಬಳಿ ಗೀಸರ್ ಇಲ್ಲ. ದಾರಿ ಕೆಟ್ಟಿದ್ದರೆ 17-18 ಇಂಚಿನ ಚಕ್ರದ, 125 ಕಿಲೋ ಮೀರದ ಬೈಕು ಇರಲಿ. ಹ್ಯಾಂಡಲ್ ಎದೆಯ ಕಡೆಗೆ ಬಂದಿರಬೇಕು, ಮುಂದಕ್ಕೆ ಬಗ್ಗಿ ಹಿಡಿಯುವಂತಿರಬಾರದು. ತಲೆ 5 ಕಿಲೋ, ಹೆಲ್ಮೆಟ್ ಒಂದೂವರೆ ಕಿಲೋ. ಬಗ್ಗಿ ಕೂತರೆ ಆ ಆರೂವರೆ ಕಿಲೋವನ್ನು ಕುತ್ತಿಗೆಯ ಹಿಂಭಾಗ ದಿನಕ್ಕೆ ಒಂದು ಗಂಟೆ ನಲವತ್ತೆರಡು ನಿಮಿಷ ಎತ್ತಿ ಹಿಡಿದಿರಬೇಕಾಗುತ್ತದೆ.

ಟೆಸ್ಟ್ ರೈಡನ್ನು ಭಾನುವಾರ ಬೆಳಿಗ್ಗೆ ಖಾಲಿ ರಸ್ತೆಯಲ್ಲಿ ಮಾಡಬೇಡಿ. ಸೋಮವಾರ ಒಂಬತ್ತೂವರೆಗೆ ಕೇಳಿ, ಹಿಂದೆ ದಿನಾ ಕೂರುವವರನ್ನೇ ಕೂರಿಸಿಕೊಂಡು ಹೋಗಿ. ಜೇಬಿನಲ್ಲಿ ವಿಮಾನದ ಲಗೇಜು ತೂಗುವ ಕೊಕ್ಕೆ ತಕ್ಕಡಿ ಒಂದಿರಲಿ. ಕ್ಲಚ್ ಹಿಡಿಯಲ್ಲಿ ನಿಮ್ಮ ನಡುಬೆರಳು ಕೂರುವ ಜಾಗಕ್ಕೆ ಅದನ್ನು ಸಿಕ್ಕಿಸಿ ಪೂರ್ತಿ ಎಳೆದು ಅಂಕಿ ನೋಡಿ. ಎರಡು ಮೂರು ಮಾಡೆಲ್‌ಗಳಿಗೆ ಇದನ್ನೇ ಮಾಡಿ, ಎಲ್ಲದರಲ್ಲೂ ಅದೇ ಜಾಗಕ್ಕೆ ಸಿಕ್ಕಿಸಬೇಕು. ಅಂಗಡಿಯ ಹುಡುಗ ವಿಚಿತ್ರವಾಗಿ ನೋಡಬಹುದು, ನೋಡಲಿ.

ಈಗಲೇ ಹೊಸದು ಕೊಳ್ಳುವ ಶಕ್ತಿ ಇಲ್ಲದವರೂ ಈ ತಕ್ಕಡಿಯನ್ನು ಹಳೆಯ ಗಾಡಿಗೆ ಹಾಕಬಹುದು. ಕ್ಲಚ್ ಕೇಬಲ್ ಅಂದರೆ ಕೊಳವೆಯೊಳಗೆ ಜಾರುವ ತಂತಿ. ಮಳೆನೀರು, ಧೂಳು ಸೇರಿ ಅದು ಒಣಗಿದರೆ ಹಿಡಿ ಬಿಗಿಯಾಗುತ್ತದೆ, ಆದರೆ ದಿನಕ್ಕೊಂದಿಷ್ಟೇ ಬಿಗಿಯಾಗುವುದರಿಂದ ಕೈಗೆ ತಿಳಿಯುವುದಿಲ್ಲ. ಮೊದಲು ತೂಗಿ ಬರೆದಿಟ್ಟುಕೊಳ್ಳಿ. ಮೆಕ್ಯಾನಿಕ್ ಹತ್ತಿರ ಕೇಬಲಿನ ಮೇಲ್ತುದಿ ಬಿಚ್ಚಿಸಿ ಎಣ್ಣೆ ಬಿಡಿಸಿ, ತಂತಿಯ ಎಳೆ ಕಿತ್ತಿದ್ದರೆ ಹೊಸದನ್ನೇ ಹಾಕಿಸಿ, ಮತ್ತೆ ತೂಗಿ. ಒಂದು ಕಿಲೋ ಇಳಿದಿದ್ದರೆ ನಾಳೆಯಿಂದ ನಿಮ್ಮ ಎಡಗೈ ಮೇಲೆ ದಿನಕ್ಕೆ 300 ಕಿಲೋ ಕಡಿಮೆ.