ಹಳೆಯ ಮಳಿಗೆಗಳ ನವೀಕರಣವೂ ಅದರಿಂದ ಬರುವ ಲಾಭವೂ

ನಮ್ಮ ಶಾಲೆಯಲ್ಲಿ ಓದಿ ಹೋದ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಗೃಹಕೃತ್ಯದೊಡನೆ ಅಂಗಡಿಯ ಲೆಕ್ಕವನ್ನೂ ನೋಡಿಕೊಳ್ಳುವವರಾಗಿರುತ್ತಾರೆ. ಕೆಲವರಿಗೆ ತಂದೆಯಿಂದಲೋ ಗಂಡನ ಮನೆಯಿಂದಲೋ ದಾವಣಗೆರೆಯ ವಿನೋಬನಗರದಲ್ಲಿ, ಪಿ.ಬಿ. ರಸ್ತೆಯಲ್ಲಿ, ಇಲ್ಲವೆ ಹರಿಹರದ ಪೇಟೆಯಲ್ಲಿ ಎರಡು ಮೂರು ಮಳಿಗೆಗಳುಳ್ಳ ಕಟ್ಟಡವೊಂದು ಬಂದಿರುವುದುಂಟು. ಅದರ ಬಾಡಿಗೆಯೇ ಮಕ್ಕಳ ಓದಿಗೂ ಮನೆಯ ಖರ್ಚಿಗೂ ಆಧಾರವಾಗಿರುವ ಸಂಸಾರಗಳನ್ನು ನಾವು ಬಲ್ಲೆವು. ಇಂತಹ ಕಟ್ಟಡವು ಮೂವತ್ತು ನಾಲ್ವತ್ತು ವರ್ಷ ಹಳತಾಗಿ, ಒಳಗಿನ ಸೆಕೆಯನ್ನು ತಾಳಲಾರೆನೆಂದು ಬಾಡಿಗೆದಾರನು ಹೊಸ ಸಂಕೀರ್ಣಕ್ಕೆ ಹೊರಟುಹೋದರೆ, ಒಡತಿಯ ಮುಂದೆ ಎರಡೇ ದಾರಿಗಳು ತೋರಿಬರುವುವು: ಕೆಡವಿ ಕಟ್ಟುವುದು, ಇಲ್ಲವೆ ಬಾಡಿಗೆಯನ್ನು ಇಳಿಸುವುದು. ಮೊದಲನೆಯದಕ್ಕೆ ಸಾಲ ಬೇಕು, ಎರಡನೆಯದಕ್ಕೆ ಕೊನೆಯಿಲ್ಲ. ಆದರೆ ಮೂರನೆಯ ದಾರಿಯೊಂದು ಉಂಟು. ಇದ್ದ ಕಟ್ಟಡವನ್ನೇ ಕಡಿಮೆ ವಿದ್ಯುತ್ತು, ಕಡಿಮೆ ನೀರು ಬೇಡುವ ಹಾಗೆ ತಿದ್ದುವುದೇ ಅದು.

ಇದನ್ನು ಈಗ ಹಸುರು ಕಟ್ಟಡದ ಕ್ರಮವೆಂದು ಕರೆಯುತ್ತಾರೆ. ಗೋಡೆಗೆ ಹಸುರು ಬಣ್ಣ ಬಳಿಯುವುದೆಂದು ಯಾರೂ ತಿಳಿಯಬಾರದು. ಕಟ್ಟಡವೊಂದು ವರ್ಷಕ್ಕೆ ಎಷ್ಟು ವಿದ್ಯುತ್ತನ್ನು ಸುಡುತ್ತದೆ, ಎಷ್ಟು ನೀರನ್ನು ಚೆಲ್ಲುತ್ತದೆ, ಒಳಗಿರುವವರಿಗೆ ಗಾಳಿ ಬೆಳಕು ಹೇಗೆ ದೊರೆಯುತ್ತದೆ ಎಂಬುದನ್ನು ಅಳೆದು ಅಂಕ ಕೊಡುವ ಪದ್ಧತಿಯಿದು. ನಮ್ಮ ದೇಶದಲ್ಲಿ 2001ರಲ್ಲಿ ಹುಟ್ಟಿದ ಭಾರತೀಯ ಹಸುರು ಕಟ್ಟಡ ಮಂಡಳಿಯು ಇಂತಹ ಪ್ರಮಾಣಪತ್ರಗಳನ್ನು ಕೊಡುತ್ತದೆ. ‘ಗೃಹ’ ಎಂಬ ಇನ್ನೊಂದು ಪದ್ಧತಿಯೂ ಇದೆ. ಕೇಂದ್ರ ಸರಕಾರವು 2007ರಲ್ಲಿ ಹೊರಡಿಸಿದ ಕಟ್ಟಡಗಳ ಇಂಧನ ಸಂಹಿತೆಯು 100 ಕಿಲೋವಾಟ್ ಮತ್ತು ಅದಕ್ಕೆ ಮೇಲ್ಪಟ್ಟ ಹೊರೆಯುಳ್ಳ ದೊಡ್ಡ ಕಟ್ಟಡಗಳಿಗಾಗಿ ಏರ್ಪಟ್ಟದ್ದು. ಆದುದರಿಂದ ವಿನೋಬನಗರದ ಮೂರು ಮಳಿಗೆಗಳ ಒಡತಿಗೆ ಆ ಸಂಹಿತೆಯ ಕಟ್ಟಳೆಯು ತಟ್ಟದು. ಪ್ರಮಾಣಪತ್ರವೂ ಆಕೆಗೆ ಅವಶ್ಯವಲ್ಲ. ಆ ಪದ್ಧತಿಗಳ ಹಿಂದಿರುವ ಲೆಕ್ಕವೇ ಆಕೆಗೆ ಬೇಕಾದದ್ದು.

ಲೆಕ್ಕವು ತಾರಸಿಯಿಂದ ಮೊದಲಾಗುತ್ತದೆ. ನಮ್ಮ ಬಯಲುಸೀಮೆಯ ಹಿರಿಯರು ಮಣ್ಣಿನ ಮಾಳಿಗೆ ಹಾಕಿ ಮನೆ ಕಟ್ಟಿದರು; ದಪ್ಪನೆಯ ಆ ಮಣ್ಣನ್ನು ದಾಟಿ ಬಿಸಿಲು ಒಳಕ್ಕೆ ಇಳಿಯುವಷ್ಟರಲ್ಲಿ ಸಂಜೆಯಾಗುತ್ತಿತ್ತು. ಕರಾವಳಿಯವರು ಹೆಂಚನ್ನು ನೆಚ್ಚಿದರು. (1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನಿನ ಪ್ಲೆಬ್ಸ್ಟ್ ಎಂಬವರು ಆರಂಭಿಸಿದ ಹೆಂಚಿನ ಕಾರ್ಖಾನೆಯಿಂದಲೇ ‘ಮಂಗಳೂರು ಹೆಂಚು’ ಲೋಕಪ್ರಸಿದ್ಧವಾಯಿತು; ಅದರ ಸಂದುಗಳಿಂದ ಬಿಸಿಗಾಳಿ ಹೊರಕ್ಕೆ ಹೋಗುವುದನ್ನು ಆ ಕಾಲದಲ್ಲಿ ಯಾರೂ ಹಸುರು ಎಂದು ಕರೆಯಲಿಲ್ಲ.) ಇವೆರಡನ್ನೂ ಬಿಟ್ಟು ನಾವು ನಾಲ್ಕೈದು ಅಂಗುಲ ದಪ್ಪದ ಕಾಂಕ್ರೀಟು ತಾರಸಿಗೆ ಬಂದೆವು. ಮಳೆಯ ಸೋರಿಕೆ ತಪ್ಪಿತು, ಮಹಡಿಯ ಮೇಲೆ ಮಹಡಿ ಎದ್ದಿತು. ಆದರೆ ಏಪ್ರಿಲ್ ತಿಂಗಳಲ್ಲಿ ಮೇಲಂತಸ್ತಿನ ಅಂಗಡಿಯು ಮಂಡಕ್ಕಿ ಭಟ್ಟಿಯ ಹಾಗೆ ಕಾಯತೊಡಗಿತು. ಹಳೆಯ ಸಿಮೆಂಟು ತಾರಸಿಯು ತನ್ನ ಮೇಲೆ ಬೀಳುವ ಬಿಸಿಲಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲನ್ನು ನುಂಗಿಕೊಳ್ಳುತ್ತದೆ. ಅದರ ಮೇಲೆ ಒಳ್ಳೆಯ ಬಿಳಿ ಲೇಪ ಕೊಟ್ಟರೆ, ಹೊಸದಾಗಿರುವಾಗ ಐದರಲ್ಲಿ ನಾಲ್ಕು ಪಾಲಿನಷ್ಟು ಹಿಂದಕ್ಕೆ ಹೊಡೆಯಲ್ಪಡುತ್ತದೆ. ಬಿಳಿ ಹೆಂಚಿನ ಚೂರುಗಳನ್ನು ಕೂರಿಸಿದರೆ ಇನ್ನೂ ಹೆಚ್ಚು ಕಾಲ ಬಾಳುತ್ತದೆ. ಧೂಳು ಕುಳಿತರೆ ಗುಣ ಕುಂದುವುದರಿಂದ ವರ್ಷಕ್ಕೊಮ್ಮೆ, ಬೇಸಗೆಗೆ ಮುಂಚೆ, ತೊಳೆಯಬೇಕು. ಪಡುವಣ ಕಿಟಕಿಗೆ ಸಜ್ಜವೂ ಅದರೊಡನೆ ಆಗಬೇಕು.

ಆ ಬಳಿಕ ದೀಪ ಮತ್ತು ಫ್ಯಾನು. ಚೋಕು ಸೇರಿ ಹಳೆಯ ಟ್ಯೂಬ್ ಲೈಟೊಂದು ಸುಮಾರು 52 ವಾಟ್ ತಿನ್ನುತ್ತದೆ. ಅಷ್ಟೇ ಬೆಳಕಿನ ಎಲ್.ಇ.ಡಿ. ದೀಪಕ್ಕೆ 20 ವಾಟ್ ಸಾಕು. ಬಟ್ಟೆಯಂಗಡಿಯೊಂದರಲ್ಲಿ 20 ದೀಪಗಳು ದಿನಕ್ಕೆ 10 ತಾಸಿನಂತೆ ವರ್ಷಕ್ಕೆ 300 ದಿನ ಉರಿದರೆ, ಉಳಿತಾಯವು 1,920 ಯೂನಿಟ್. ಯೂನಿಟ್ಟಿಗೆ 8 ರೂಪಾಯಿಯೆಂದು ಹಿಡಿದರೂ ವರ್ಷಕ್ಕೆ 15,360 ರೂಪಾಯಿ. ದೀಪಗಳ ಬೆಲೆಯು ಒಂದು ವರ್ಷ ತುಂಬುವುದರೊಳಗೆ ತಿರುಗಿ ಬರುವುದನ್ನು ವಾಚಕರೇ ಕೂಡಿಸಿ ನೋಡಬಹುದು. ಫ್ಯಾನಿನ ಮಾತೂ ಹಾಗೆಯೇ: ಹಳೆಯದಕ್ಕೆ 75 ವಾಟ್, ಹೊಸ ಬಗೆಯದಕ್ಕೆ 30ರ ಆಸುಪಾಸು.

ನೀರಿನ ವಿಷಯದಲ್ಲಿ ನಮ್ಮ ಊರಿನವರಿಗೆ ಹೆಚ್ಚಿಗೆ ಹೇಳಬೇಕಾದದ್ದಿಲ್ಲ. ಭದ್ರಾ ಕಾಲುವೆ ಬತ್ತಿದಾಗ, ತುಂಗಭದ್ರೆಯಲ್ಲಿ ಬಂಡೆ ಕಂಡಾಗ, ಟ್ಯಾಂಕರಿನ ದಾರಿ ಕಾದವರು ನಾವು. ಇಲ್ಲಿ ವರ್ಷಕ್ಕೆ ಸುಮಾರು 640 ಮಿಲಿಮೀಟರು ಮಳೆ ಬೀಳುತ್ತದೆ. 2,000 ಚದರಡಿಯ ತಾರಸಿಯ ಮೇಲೆ ಬಿದ್ದುದರಲ್ಲಿ ಐದರಲ್ಲಿ ನಾಲ್ಕು ಪಾಲು ಕೈಗೆ ಸಿಕ್ಕಿದರೂ 95,000 ಲೀಟರು ಆಗುತ್ತದೆ. ತೊಟ್ಟಿಗೆ ಸ್ಥಳವಿಲ್ಲದವರು ಅದನ್ನು ಕೊಳವೆಬಾವಿಯ ಪಕ್ಕದ ಇಂಗುಗುಂಡಿಗೆ ಬಿಡಬಹುದು.

ಸೋಲಾರ್ ಫಲಕವನ್ನು ಕೊನೆಗೆ ಹೇಳುತ್ತಿರುವುದಕ್ಕೆ ಕಾರಣವುಂಟು. ನಾವು ಅದನ್ನೇ ಮೊದಲು ಮಾಡಿ ಕೆಟ್ಟೆವು. ತಾರಸಿಯನ್ನೂ ದೀಪವನ್ನೂ ತಿದ್ದುವ ಮುಂಚೆಯೇ, ಇದ್ದ ಖರ್ಚನ್ನೆಲ್ಲಾ ಸೂರ್ಯನ ಮೇಲೆ ಹೊರಿಸೋಣವೆಂದು ಐದು ಕಿಲೋವಾಟಿನ ಫಲಕಗಳನ್ನು ಹಾಕಿಸಿದೆವು. ಕೂರಿಸಿದವನು ನೀರಿನ ಟ್ಯಾಂಕಿನ ನೆರಳನ್ನು ಲೆಕ್ಕಿಸಲಿಲ್ಲ, ನಾವೂ ಕೇಳಲಿಲ್ಲ. ಒಂದು ಸಾಲಿನ ಒಂದು ಫಲಕದ ಮೇಲೆ ನೆರಳು ಬಿದ್ದರೆ ಆ ಸಾಲೇ ಸೊರಗುತ್ತದೆಂಬುದು ಮಧ್ಯಾಹ್ನದ ಮೀಟರು ನೋಡಿದ ಮೇಲೆ ತಿಳಿಯಿತು. ಟ್ಯಾಂಕನ್ನು ಬಡಗಣ ಮೂಲೆಗೆ ಸರಿಸಿದ ಮೇಲೆ ಫಲಕಗಳು ನೆಟ್ಟಗಾದವು. ಅಷ್ಟರಲ್ಲಿ ದೀಪಗಳನ್ನೂ ಬದಲಿಸಿದ್ದರಿಂದ, ಮೂರು ಕಿಲೋವಾಟ್ ಸಾಕಾಗುತ್ತಿತ್ತೆಂಬುದೂ ತಿಳಿಯಿತು. ಬೇಡಿಕೆಯನ್ನು ಇಳಿಸಿದ ತರುವಾಯವೇ ಫಲಕವನ್ನು ಕೊಳ್ಳತಕ್ಕದ್ದು.

ದೊಡ್ಡವರೂ ಇದೇ ಕ್ರಮವನ್ನು ಹಿಡಿದರು. ನ್ಯೂಯಾರ್ಕಿನಲ್ಲಿ 1931ರಲ್ಲಿ ಕಟ್ಟಿದ ಎಂಪೈರ್ ಸ್ಟೇಟ್ ಕಟ್ಟಡದ ನವೀಕರಣವು 2009ರಲ್ಲಿ ತೊಡಗಿದಾಗ, ಅದರ 6,514 ಕಿಟಕಿಗಳನ್ನು ಬಿಸಾಡದೆ, ಐದನೆಯ ಮಹಡಿಯಲ್ಲಿಯೇ ಕಾರ್ಯಾಗಾರವೊಂದನ್ನು ತೆರೆದು, ಎರಡು ಗಾಜುಗಳ ನಡುವೆ ತೆಳುಪೊರೆಯನ್ನು ಸೇರಿಸಿ ತಿರುಗಿ ಕೂರಿಸಿದರು. ಕಿಟಕಿಯಿಂದ ಬರುವ ಸೆಕೆ ಇಳಿದುದರಿಂದ ತಂಪುಗೊಳಿಸುವ ದೊಡ್ಡ ಯಂತ್ರಗಳನ್ನು ಹೊಸದಾಗಿ ಕೊಳ್ಳುವ ಅಗತ್ಯವು ತಪ್ಪಿ, ಹಳೆಯವನ್ನೇ ರಿಪೇರಿ ಮಾಡಿಸಿದರು. ಇಂಧನದಲ್ಲಿ ಶೇಕಡಾ 38ರಷ್ಟು, ಹಣದಲ್ಲಿ ವರ್ಷಕ್ಕೆ 44 ಲಕ್ಷ ಡಾಲರಿನಷ್ಟು ಉಳಿತಾಯವಾಗಬೇಕೆಂಬುದು ಅವರ ಅಂದಾಜು. ನಮ್ಮ ರಾಜ್ಯದಲ್ಲಿಯೇ, 1982ರಲ್ಲಿ ಬಾಗಿಲು ತೆರೆದ ಬೆಂಗಳೂರಿನ ವಿಂಡ್ಸರ್ ಹೋಟೆಲು ಹಳೆಯ ಕಟ್ಟಡವನ್ನು ಕೆಡವದೆ ತಿದ್ದಿಕೊಂಡು, ಗಾಳಿಯಂತ್ರಗಳ ವಿದ್ಯುತ್ತನ್ನು ಬಳಸಿ, ಈ ದಶಕದ ಆರಂಭದಲ್ಲಿ ಇಂಗಾಲ ಶೂನ್ಯವೆಂಬ ಪ್ರಮಾಣಪತ್ರವನ್ನು ಜಗತ್ತಿನ ಹೋಟೆಲುಗಳಲ್ಲಿ ಮೊತ್ತಮೊದಲು ಪಡೆಯಿತು.

ಬಾಡಿಗೆಯು ಹೆಚ್ಚುವುದೋ ಎಂದು ಕೇಳುವವರುಂಟು. ಅಮೇರಿಕದ ಕಚೇರಿ ಕಟ್ಟಡಗಳನ್ನು ಹೋಲಿಸಿ ನೋಡಿದ ಮೂವರು ಅರ್ಥಶಾಸ್ತ್ರಜ್ಞರು, ಹಸುರು ಪ್ರಮಾಣಪತ್ರವುಳ್ಳವುಗಳ ಬಾಡಿಗೆ ಸುಮಾರು ಶೇಕಡಾ 3ರಷ್ಟೂ, ಮಾರಾಟದ ಬೆಲೆ ಸುಮಾರು ಶೇಕಡಾ 16ರಷ್ಟೂ ಹೆಚ್ಚಿರುವುದಾಗಿ 2010ರಲ್ಲಿ ಬರೆದರು. ಅಲ್ಲಿನ ಮಾತನ್ನು ವಿನೋಬನಗರಕ್ಕೆ ಹೊಂದಿಸಿ ಆಸೆ ಹುಟ್ಟಿಸಲು ನಮಗೆ ಮನಸ್ಸಿಲ್ಲ. ಇಲ್ಲಿಯ ಲಾಭವು ಬೇರೆ ಬಗೆಯದು: ಮಳಿಗೆ ಖಾಲಿ ಬೀಳುವುದಿಲ್ಲ. ಒಂದು ಮಳಿಗೆ ಆರು ತಿಂಗಳು ಬೀಗ ಹಾಕಿಕೊಂಡಿದ್ದರೆ ಆಗುವ ನಷ್ಟವನ್ನು ತಾರಸಿಯ ಬಿಳಿ ಲೇಪದ ಖರ್ಚಿನೊಡನೆ ತೂಗಿ ನೋಡಿರಿ. ಸೆಕೆಯಿಲ್ಲದ ಅಂಗಡಿಯಲ್ಲಿ ಗಿರಾಕಿಯು ಕುಳಿತು ಸೀರೆ ಬಿಚ್ಚಿಸುತ್ತಾಳೆ. ಬೆಣ್ಣೆಯೂ ಔಷಧಿಯೂ ಕೆಡುವುದು ಕಡಿಮೆ. ಕೆಲಸದ ಹುಡುಗಿಯರಿಗೆ ತಲೆನೋವಿಲ್ಲ.

ಇಲ್ಲಿ ತೊಡಕೊಂದಿದೆ, ಇದೇ ಅನೇಕರನ್ನು ಹಿಂದೆಗೆಯಿಸುವುದು. ಖರ್ಚು ಮಾಡುವವಳು ಒಡತಿ; ವಿದ್ಯುತ್ತಿನ ಬಿಲ್ಲು ಕಟ್ಟುವವನು ಬಾಡಿಗೆದಾರ. ಉಳಿತಾಯವೆಲ್ಲಾ ಅವನ ಗಲ್ಲಾಪೆಟ್ಟಿಗೆಗೆ ಹೋದರೆ ಈಕೆಗೇನು ಬಂತು? ಇದಕ್ಕೆ ಉಪಾಯವು ಬಾಡಿಗೆಯ ಕರಾರುಪತ್ರದಲ್ಲಿಯೇ ಇದೆ. ಹಿಂದಿನ ಹನ್ನೆರಡು ತಿಂಗಳ ಬೆಸ್ಕಾಂ ಬಿಲ್ಲುಗಳನ್ನು ಇಬ್ಬರೂ ಕೂಡಿ ನೋಡಿ, ಯೂನಿಟ್ಟುಗಳ ಮೊತ್ತವನ್ನು ಪತ್ರದಲ್ಲಿ ಬರೆಯಿಸಬೇಕು. ಕೆಲಸವಾದ ಮೇಲೆ ಉಳಿಯುವ ಹಣದಲ್ಲಿ ಅರ್ಧವನ್ನು, ಖರ್ಚು ತೀರುವ ತನಕ, ಬಾಡಿಗೆಯ ಜೊತೆಗೆ ಕೊಡತಕ್ಕದ್ದೆಂದು ಒಪ್ಪಿಗೆಯಾಗಬೇಕು. ನಮ್ಮ ಎರಡನೆಯ ಮಳಿಗೆಯವರು ಮೊದಲು ಗೊಣಗಿದರು. ಬೇಸಗೆ ಕಳೆದ ಮೇಲೆ ತಾವೇ ಬಿಲ್ಲುಗಳನ್ನು ತಂದು ಮೇಜಿನ ಮೇಲಿಟ್ಟು, ಮುಂದಿನ ಐದು ವರ್ಷಕ್ಕೆ ಕರಾರನ್ನು ಈಗಲೇ ಬರೆಯೋಣವೆಂದರು.